ಮೀನಿಗೆ ಗೋಗ್ರಾಸ

ಘಾಟಿಯ ತಲೆಯಲ್ಲಿ

ನಾನು ಹುಟ್ಟಾ ಹೆದರುಪುಕ್ಕಲಿ. ಶಿರಸಿಯ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ರಸಾಯನಶಾಸ್ತ್ರ ಕಲಿಸಿದ ಮೇಲೂ ಹೊಸ ತರಗತಿಯ ಬಾಗಿಲಲ್ಲಿ ಬಾಯಿ ಒಣಗುತ್ತಿತ್ತು. ಇಂಥವಳು ಒಬ್ಬಳೇ ವಿಮಾನ ಹತ್ತಿ ಪೋರ್ಚುಗಲ್ಲಿಗೆ ಹೋಗಿ, ಮೂರು ತಿಂಗಳು ಮೀನುಗಳ ಹೆದರಿಕೆ ಅಳೆದು ಬಂದೆ ಎಂದರೆ ನನ್ನನ್ನು ಬಲ್ಲವರು ಈಗಲೂ ನಗುತ್ತಾರೆ. ನಗಲಿ. ಆ ಪ್ರಯಾಣದಲ್ಲಿ ಸಿಕ್ಕವರನ್ನು ನೆನೆದಾಗ ನನಗೆ ಮಾತ್ರ ಕೈಮುಗಿಯೋಣ ಅನ್ನಿಸುತ್ತದೆ.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿದ್ದ ಕಾಲ. ಪರೀಕ್ಷೆಯ ಕೆಲಸಕ್ಕೆಂದು ಯಲ್ಲಾಪುರದ ಮೇಲೆ ಅಂಕೋಲೆಗೆ ಹೊರಟಿದ್ದೆ. ಅರಬೈಲ್ ಘಾಟಿ ಶುರುವಾಗುತ್ತಿದ್ದಂತೆ ನಮ್ಮ ಬಸ್ಸಿನ ಕಣ್ಣೆದುರೇ ಒಂದು ಲಾರಿ ಮಗುಚಿತು. ಚಾಲಕ ಕಿಟಕಿಯಿಂದ ಹೊರಬಂದು ಎದ್ದು ನಿಂತ. ಅವನಿಗೆ ಏನೂ ಆಗಲಿಲ್ಲ, ನಡುಕ ಬಂದದ್ದು ನನಗೆ. ದಾರಿ ತೆರವಾಗುವವರೆಗೆ ಬಸ್ಸು ಒಂದು ಟಾಯರ್ ಅಂಗಡಿಯ ಮುಂದೆ ನಿಂತಿತು. ಅಂಗಡಿಯ ಇಮಾಮ್ ಸಾಹೇಬರು ಮೂವತ್ತು ವರ್ಷ ಇದೇ ಘಾಟಿಯಲ್ಲಿ ಲಾರಿ ಓಡಿಸಿ, ಕಣ್ಣು ಮಂಜಾದ ಮೇಲೆ ಪಂಕ್ಚರ್ ತಿದ್ದುತ್ತ ಕೂತವರು. ನನ್ನ ಕೈ ನೋಡಿ, ಕೇಳದೆಯೇ ಒಂದು ಲೋಟ ಕಹಿ ಕಷಾಯ ತಂದುಕೊಟ್ಟರು.

"ಕುಡೀರಿ ಅಕ್ಕೋರೆ. ಘಾಟಿ ಇಳಿಯೋಕೆ ಹೆದರೋ ಡ್ರೈವರ್‌ಗೆಲ್ಲ ನಾ ಇದೇ ಕೊಡೋದು. ನಮ್ಮ ಅಬ್ಬಾನೂ ಕೊಡ್ತಿದ್ರು. ಕುಡ್ದೋರು ಒಬ್ರೂ ಕೆಳಗೆ ಬಿದ್ದಿಲ್ಲ."

ಕಾಲು ಗಂಟೆಯಲ್ಲಿ ನನ್ನ ನಡುಕ ನಿಂತಿತು. ಮಾಸ್ತರಿಕೆಯ ಚಟ ನೋಡಿ, ನಡುಕ ನಿಂತದ್ದೇ ಅದು ಯಾವ ಎಲೆ ಎಂದು ಕೇಳಿದೆ. ಅವರು ಕೂಡಲೇ ಹೇಳಲಿಲ್ಲ. ಮೂರನೆಯ ಸಲ ಹೋದಾಗ ಒಂದು ಚೀಲ ಎಲೆ ಕೊಟ್ಟರು. ಹೆಸರು ಎಲ್ಲೂ ಬರೆಯಬಾರದು ಎಂದರು, ಅದಕ್ಕೇ ಇಲ್ಲೂ ಬರೆದಿಲ್ಲ. ಇನ್ನೊಂದು ಮಾತನ್ನೂ ತೆಗೆದುಕೊಂಡರು.

"ಏನ್ ಗೊತ್ತಾದ್ರೂ ಮೊದಲು ನಂಗೆ ಬಂದು ಹೇಳ್ಬೇಕು. ಒಳ್ಳೇದಿದ್ರೂ, ಇಲ್ದಿದ್ರೂ."

ನಮ್ಮ ಮೆದುಳಿನಲ್ಲಿ ಸಮಾಧಾನ ತರುವ ಒಂದು ರಾಸಾಯನಿಕವಿದೆ. ಅದನ್ನು ಒಡೆದುಹಾಕುವ ಕಿಣ್ವವೂ ಒಂದಿದೆ. ಆ ಕಿಣ್ವದ ಕೈ ಕಟ್ಟಿಹಾಕಿದರೆ ಸಮಾಧಾನ ಇನ್ನಷ್ಟು ಹೊತ್ತು ಉಳಿಯಬೇಕು. ಈ ಎಲೆ ಮಾಡುವುದು ಅದನ್ನೇ ಇರಬಹುದೇ ಎಂದು ಧಾರವಾಡದಲ್ಲಿ ಗೆಳತಿಯ ಪ್ರಯೋಗಾಲಯದಲ್ಲಿ ರಜೆಯ ದಿನಗಳಲ್ಲಿ ಕೂತು ನೋಡಿದೆ. ಗಾಜಿನ ನಳಿಗೆಯಲ್ಲಿ ಆ ಎಲೆಯ ಸತ್ವ ಕಿಣ್ವವನ್ನು ನಿಜಕ್ಕೂ ತಡೆಯಿತು. ನಳಿಗೆಗೆ ಹೆದರಿಕೆಯಿಲ್ಲ, ಆದ್ದರಿಂದ ಮುಂದೆ ಜೀವ ಇರುವುದೇ ಬೇಕಿತ್ತು. ಪೋರ್ಟೊ ನಗರದಲ್ಲಿ ಮೀನುಗಳ ಮೇಲೆ ಇಂಥ ಪರೀಕ್ಷೆ ಮಾಡುತ್ತಿದ್ದ ತೆರೇಜಾ ಎಂಬ ಪ್ರಾಧ್ಯಾಪಕಿಗೆ ಪತ್ರ ಬರೆದೆ. ಉತ್ತರ ಬಾರದಿರಲಿ ಎಂದು ಒಳಗೊಳಗೇ ಹಾರೈಸಿದ್ದೂ ಉಂಟು. ವಾರದೊಳಗೆ ಬಂತು.

ವಿಮಾನ ನಿಲ್ದಾಣ

ಅನುಮತಿ ಪತ್ರಗಳೆಲ್ಲ ಇದ್ದವು. ಆದರೂ ಪೆಟ್ಟಿಗೆಯಲ್ಲಿ ನಾಲ್ಕು ಶೀಸೆ ಹಸಿರು ಪುಡಿ ಇಟ್ಟುಕೊಂಡು ಪರದೇಶದ ಸುಂಕದವರ ಎದುರು ನಿಲ್ಲುವುದೆಂದರೆ ಹುಡುಗಾಟವಲ್ಲ. ಅಲ್ಲಿಯ ದಪ್ಪ ಮೀಸೆಯ ಅಧಿಕಾರಿ ಮುಚ್ಚಳ ತೆಗೆದು ಮೂಸಿ, "ಶಾ?" ಎಂದ. ಅವರ ಭಾಷೆಯಲ್ಲಿ ಚಹಾಕ್ಕೆ ಹಾಗೆನ್ನುತ್ತಾರೆ. ಹೌದು ಎಂದು ತಲೆ ಆಡಿಸಿದ್ದರೆ ಎರಡು ನಿಮಿಷದಲ್ಲಿ ಹೊರಗಿರುತ್ತಿದ್ದೆ. ನಾನು ಚಹಾ ಅಲ್ಲವೆಂದು ಹೇಳಿ, ಕಿಣ್ವ, ಮೆದುಳು, ಮೀನು ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಲು ಹೋದೆ. ಅವನು ಇನ್ನಿಬ್ಬರನ್ನು ಕರೆದ. ಒಂದೂವರೆ ಗಂಟೆಯ ಬಳಿಕ, ಹೆದರಿದ ಮೀನಿಗೆ ಔಷಧಿ ತಂದ ಹೆಂಗಸು ಎಂದು ಮೂವರೂ ನಕ್ಕು ಬೀಳ್ಕೊಟ್ಟರು. ಒಬ್ಬ ನನ್ನ ಪೆಟ್ಟಿಗೆಯನ್ನು ಬಾಗಿಲವರೆಗೆ ಎತ್ತಿಕೊಂಡು ಬಂದ.

ಅದೇ ದಿನ ತಪ್ಪು ನಿಲ್ದಾಣದಲ್ಲಿ ಬಸ್ಸಿಳಿದೆ. ಪೋರ್ಟೊದ ಬೀದಿಗಳೆಂದರೆ ಮನೆಗಳ ನಡುವೆ ಒಂದೊಂದು ಘಾಟಿ. ಮಾಳಿಗೆ ಮಾಳಿಗೆಯಲ್ಲೂ ಒಗೆದ ಬಟ್ಟೆ ಬೀದಿಯ ಮೇಲೆ ಚಾಚಿಕೊಂಡಿತ್ತು. ಒಳಲಂಗ, ಬನಿಯನ್ ಯಾವುದಕ್ಕೂ ಮರೆಯಿಲ್ಲ. ನಮ್ಮಲ್ಲಾದರೆ ಅವೆಲ್ಲ ಸೀರೆಯ ಹಿಂದೆ ಒಣಗುತ್ತವೆ. ನಾನು ಉಳಿಯಬೇಕಿದ್ದ ಮನೆಯ ವಿಳಾಸದ ಚೀಟಿಯನ್ನು ಕಪ್ಪು ಉಡುಪಿನ ಒಬ್ಬ ಮುದುಕಿಗೆ ತೋರಿಸಿದೆ. ಆಕೆ ನನ್ನ ಮಣಿಕಟ್ಟು ಹಿಡಿದು, ಏರು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ ಮನೆ ಬಾಗಿಲಿಗೇ ಮುಟ್ಟಿಸಿದಳು. ದಾರಿಯುದ್ದಕ್ಕೂ ಆಕೆ ತನ್ನ ಭಾಷೆಯಲ್ಲಿ ಮಾತಾಡಿದಳು, ನಾನು ನನ್ನ ಸಿದ್ದಾಪುರದ ಮನೆಮಾತಿನಲ್ಲಿ ಹೂಂಗುಟ್ಟಿದೆ. ಮಂಡಿನೋವಿನ ವಿಷಯ ಇಬ್ಬರಿಗೂ ಪೂರ್ತಿ ಅರ್ಥವಾಯಿತು. ಆಕೆಯ ಹೆಸರು ಕೇಳಲು ಮರೆತೆ, ಆ ಕೊರಗು ಇನ್ನೂ ಇದೆ.

ಮೀನಿನ ಕೋಣೆ

ಆ ಊರಿನಲ್ಲಿ ಮೀನಿಲ್ಲದೆ ಊಟವಿಲ್ಲ. ಮಾಂಸ ಬೇಡ ಎಂದರೆ ಮೀನು ತಂದರು. ಮೀನೂ ಬೇಡ ಎಂದರೆ ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಪ್ರಯೋಗಾಲಯದಲ್ಲಿ ಮೀನು ಸಾಕುವ ಝುವಾಕಿಂ ಎಂಬ ಹಿರಿಯ ಸಹಾಯಕ ಮೊದಲ ದಿನ ನನಗಾಗಿ ಸೊಪ್ಪಿನ ಸಾರು ತರಿಸಿದ. ಅದರಲ್ಲಿ ತೇಲುತ್ತಿದ್ದ ಮಾಂಸದ ಚೂರನ್ನು ಚಮಚದಿಂದ ಎತ್ತಿ ತನ್ನ ಬಾಯಿಗೆ ಹಾಕಿಕೊಂಡು, ಈಗ ಸರಿಯಾಯಿತು ಎಂದು ಬಟ್ಟಲನ್ನು ನನ್ನ ಕಡೆ ಸರಿಸಿದ. ಅವನ ಮುಖದಲ್ಲಿದ್ದ ಅಕ್ಕರೆ ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮರುದಿನದಿಂದ ಬಟಾಟೆ ಬೇಯಿಸಿ ಡಬ್ಬಿಯಲ್ಲಿ ತರತೊಡಗಿದೆ. ಬಟಾಟೆಗೆ ಅಲ್ಲೂ ಬಟಾಟೆಯೇ, ಚಾವಿಗೂ ಸಾಬೂನಿಗೂ ಹೆಚ್ಚುಕಡಿಮೆ ನಮ್ಮ ಹೆಸರೇ. ನಮ್ಮ ಕರಾವಳಿಯಲ್ಲಿ ಪೋರ್ಚುಗೀಸರು ಬಿಟ್ಟುಹೋದ ಶಬ್ದಗಳು ನನ್ನ ಮೊದಲ ವಾರವನ್ನು ದಾಟಿಸಿದವು.

ಮೀನುಗಳು ಬೆರಳಿನ ಎರಡು ಗೆಣ್ಣಿನಷ್ಟು ಉದ್ದದವು, ಮೈಮೇಲೆ ನೀಲಿ ಪಟ್ಟೆ. ಇವುಗಳ ಪೂರ್ವಜರು ನಮ್ಮ ದೇಶದ ಹಳ್ಳಕೊಳ್ಳಗಳವರೇ ಎಂದು ತೆರೇಜಾ ಹೇಳಿದಾಗ ನನಗೆ ನೆಂಟರು ಸಿಕ್ಕಂತಾಯಿತು. ಗುಡ್ನಾಪುರದ ಕೆರೆಯಂಚಿನಲ್ಲಿ ಕಾಲಿಳಿಬಿಟ್ಟು ಕೂತಾಗ ಹೆಬ್ಬೆರಳಿಗೆ ಮುತ್ತುವ ಮೀನುಗಳೂ ಇದೇ ಅಂದಾಜಿನವು. ಪರೀಕ್ಷೆ ಸರಳ. ಮೀನನ್ನು ಸತ್ವ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಬಳಿಕ ಹೊಸ ತೊಟ್ಟಿಗೆ ಬಿಡುವುದು. ಹೆದರಿದ ಮೀನು ತಳಕ್ಕಿಳಿದು ಅಲ್ಲೇ ಅಡಗುತ್ತದೆ, ಧೈರ್ಯ ಬಂದದ್ದು ಮೇಲೇರಿ ಸುತ್ತಾಡುತ್ತದೆ. ತಳದಲ್ಲಿ ಎಷ್ಟು ಹೊತ್ತು, ಮೇಲೆ ಎಷ್ಟು ಹೊತ್ತು ಎಂದು ನಾನು ತೊಟ್ಟಿಯ ಪಕ್ಕ ನಿಂತು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಹೊಸ ತರಗತಿಯ ಬಾಗಿಲಲ್ಲಿ ನಿಂತ ನಾನೂ ಆ ಮೀನಿನಷ್ಟೇ ತಳ ಹುಡುಕುತ್ತಿದ್ದೆನಾದ್ದರಿಂದ ಕೆಲಸ ಬೇಗ ಹಿಡಿಸಿತು.

ಝುವಾಕಿಂ ಮೊದಲ ದಿನವೇ ನಿಯಮ ಹೇಳಿದ್ದ. ಮೀನಿಗೆ ತಿನ್ನಲು ಹಾಕುವುದು ಅವನೊಬ್ಬನೇ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ತಪ್ಪು ಮಾಡಿದ್ದು ನಾನು, ಅದೂ ಊಟದ ಹೊತ್ತಿನಲ್ಲಿ. ಸಿದ್ದಾಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಹಸುವಿಗೆ ಒಂದು ಹಿಡಿ ಅನ್ನ ಕೊಡದೆ ಯಾರೂ ಉಣ್ಣುವುದಿಲ್ಲ. ಗೋಗ್ರಾಸ ಎನ್ನುತ್ತೇವೆ. ಶಿರಸಿಯ ಬಾಡಿಗೆ ಮನೆಯಲ್ಲೂ ಬೀದಿಯ ಹಸು ಹುಡುಕಿಕೊಂಡು ಹೋಗಿ ಕೊಟ್ಟವಳು ನಾನು. ದೇವರು ದಿಂಡರು ಎಂದಲ್ಲ, ಕೊಡದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಅಷ್ಟೆ. ಪೋರ್ಟೊದಲ್ಲಿ ಹಸುವನ್ನು ಎಲ್ಲಿಂದ ತರಲಿ. ನದಿಯ ಪಕ್ಕ ಕಡಲಹಕ್ಕಿಗೆ ಬ್ರೆಡ್ಡಿನ ಚೂರು ಹಿಡಿದೆ. ಅದು ಚೂರು ಬಿಟ್ಟು ಇಡೀ ಪೊಟ್ಟಣವನ್ನೇ ಹೊತ್ತೊಯ್ದಿತು. ಈ ಕಳ್ಳರಿಗೆ ತಿನ್ನಲು ಕೊಡುತ್ತೀಯಾ ಎಂಬರ್ಥದಲ್ಲಿ ಬೆಂಚಿನ ಮೇಲಿದ್ದ ಮುದುಕ ನನ್ನನ್ನೇ ಗದರಿದ.

ಎರಡನೆಯ ವಾರ ಒಂದು ಮಧ್ಯಾಹ್ನ, ಡಬ್ಬಿ ಬಿಚ್ಚುವ ಮುಂಚೆ ಮೀನಿನ ಕೋಣೆಗೆ ಹೋದೆ. ಕಪಾಟಿನಲ್ಲಿದ್ದ ಮೀನಿನ ಹಿಟ್ಟಿನಿಂದ ಒಂದೇ ಒಂದು ಚಿಟಿಕೆ ತೆಗೆದು, ಕೈಗೆಟುಕುವ ಕೆಳಗಿನ ಸಾಲಿನ ತೊಟ್ಟಿಗಳಿಗೆ ಉದುರಿಸಿ, "ಬಾ, ಬಾ" ಎಂದೆ. ಅಂದು ಬಟಾಟೆ ರುಚಿಸಿತು. ಚಿಟಿಕೆಯಿಂದ ಏನಾಗುತ್ತದೆ ಎಂದು ದಿನವೂ ಹಾಕಿದೆ.

ಎಂಟನೆಯ ವಾರ

ಫಲಿತಾಂಶ ಬೆರಗಾಗುವಂತಿತ್ತು. ಬರಿ ನೀರಿನಲ್ಲಿಟ್ಟ ಮೀನುಗಳು ಹೊಸ ತೊಟ್ಟಿಯಲ್ಲಿ ತಳ ಕಚ್ಚಿದರೆ, ಸತ್ವ ಕುಡಿದವು ಬಿಟ್ಟ ಕೂಡಲೇ ಮೇಲೆ ಬಂದು ಗಾಜಿಗೆ ಮೂತಿ ಹಚ್ಚಿ ನಿಲ್ಲುತ್ತಿದ್ದವು. ತೆರೇಜಾ ಸುಮ್ಮನೆ ಹೊಗಳುವವಳಲ್ಲ, ಅಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅಲ್ಲಿ ಅದು ವಾಡಿಕೆ. ನಾನು ಗೋಡೆಗೆ ಒರಗಿ ಸುಧಾರಿಸಿಕೊಂಡೆ. ಬರುವ ಶುಕ್ರವಾರ ವಿದ್ವಾಂಸರ ಸಭೆಯೊಂದಕ್ಕೆ ಬರಹ ಕಳಿಸೋಣ, ಮೊದಲ ಹೆಸರು ನಿನ್ನದು ಎಂದಳು. ಇಮಾಮ್ ಸಾಹೇಬರ ಅಂಗಡಿಗೆ ಹೋಗಿ ನಿಮ್ಮ ಅಬ್ಬಾ ಹೇಳಿದ್ದು ನಿಜ ಎನ್ನುವ ಗಳಿಗೆಯನ್ನು ಮನಸ್ಸಿನಲ್ಲೇ ಹತ್ತು ಸಲ ನಡೆಸಿ ನೋಡಿದೆ.

ಬುಧವಾರ ಮಧ್ಯಾಹ್ನ ಚಿಟಿಕೆ ಹಾಕಲು ಹೋದವಳು ಕಪಾಟು ತೆರೆಯುವ ಮುಂಚೆ ಏಕೋ ನಿಂತೆ. ಕೆಳಗಿನ ಸಾಲಿನ ಮೀನುಗಳೆಲ್ಲ ನನ್ನ ಕಡೆ ತಿರುಗಿ ನೀರಿನ ಮೇಲ್ಗಡೆ ಸೇರಿದ್ದವು. ಮೇಲಿನ ಸಾಲಿನವು ತಮ್ಮ ಪಾಡಿಗೆ ಈಜುತ್ತಿದ್ದವು. ಎಡಕ್ಕೆ ಸರಿದೆ, ಅವೂ ಎಡಕ್ಕೆ ಸರಿದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಝುವಾಕಿಂ ನಕ್ಕ.

"ಇಪ್ಪತ್ತು ವರ್ಷದಿಂದ ಮೀನಿಗೆ ತಿನ್ನಲು ಹಾಕುತ್ತಿರುವವನು ನಾನು. ತೊಟ್ಟಿಯ ಹಿಂದಿನಿಂದ ಉದುರಿಸಿ ಹೋಗುವ ನನ್ನನ್ನು ಕಂಡರೆ ಹೀಗೆ ಬರುವುದಿಲ್ಲ. ಏನು ಮಾಡಿದೆ ಇವಕ್ಕೆ?"

ಆಗ ಹೊಳೆಯಿತು. ಸತ್ವ ಯಾವ ಮೀನಿಗೆ, ಬರಿ ನೀರು ಯಾವುದಕ್ಕೆ ಎಂದು ಚೀಟಿ ಎತ್ತಿ ಗೊತ್ತುಮಾಡಬೇಕಿತ್ತು. ನನ್ನ ಗಿಡ್ಡ ಕೈಗೆ ಎಟುಕದ ಮೇಲಿನ ಸಾಲಿಗೆ ಮತ್ತೆ ಮತ್ತೆ ಸ್ಟೂಲು ಹತ್ತಬೇಕಾಗುತ್ತದೆಂದು ಸುಲಭದ ದಾರಿ ಹಿಡಿದು, ಕೆಳಸಾಲಿಗೆ ಸತ್ವ, ಮೇಲಿನದಕ್ಕೆ ನೀರು ಎಂದು ಮಾಡಿಕೊಂಡಿದ್ದೆ. ಹೀಗಾಗಿ ಸತ್ವ ಕುಡಿದ ಮೀನುಗಳೆಲ್ಲ ನನ್ನ ಚಿಟಿಕೆ ತಿಂದವುಗಳೇ. ಕೆಳಸಾಲಿನ ಒಂದು ಮೀನನ್ನು ಸತ್ವ ಕೊಡದೆ ಹೊಸ ತೊಟ್ಟಿಗೆ ಬಿಟ್ಟು ಪಕ್ಕದಲ್ಲಿ ನಿಂತೆ. ಅದು ಮೇಲೆ ಬಂತು. ಇನ್ನೊಂದನ್ನು ಬಿಟ್ಟು, ಝುವಾಕಿಂನನ್ನು ನಿಲ್ಲಿಸಿ ನಾನು ಬಾಗಿಲ ಹಿಂದೆ ಅಡಗಿದೆ. ಅದು ತಳಕ್ಕಿಳಿಯಿತು. ಮತ್ತೆ ನಾಲ್ಕು ಮೀನು ನೋಡಿದೆ, ಹಾಗೇ ಆಯಿತು. ಇಷ್ಟು ವಾರ ನಾನು ಬರೆದುಕೊಂಡದ್ದು ಎಲೆಯ ಗುಣವಲ್ಲ, ಊಟ ಬಂತೆಂಬ ಮೀನಿನ ಆಸೆ.

ಕಾರ್ಡು ಹಾಕಿ ಮಾತಾಡುವ ಫೋನಿನ ಅಂಗಡಿಗೆ ನೇರ ಹೋದೆ. ಸಿದ್ದಾಪುರದಲ್ಲಿ ದೀಪ ಹಚ್ಚುವ ಹೊತ್ತು. ಅಮ್ಮ ಎತ್ತಿಕೊಂಡಳು.

"ಕೂಸೇ, ಊಟ ಆತಾ?"

"ಇಲ್ಲೆ ಅಮ್ಮಾ. ಸೇರ್ತಿಲ್ಲೆ."

ಎಲ್ಲ ಹೇಳಿದೆ. ನಾಡಿದ್ದು ಬರಹ ಹೋಗುತ್ತದೆ, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದನ್ನೂ ಹೇಳಿದೆ.

"ಗೋಗ್ರಾಸ ಕೊಟ್ಟಿದ್ದು ತಪ್ಪು ಹೇಳಿ ಆನಂತೂ ಹೇಳ್ತ್ನಿಲ್ಲೆ. ಆದ್ರೆ ಮತ್ತೊಬ್ರ ಡಬ್ಬಿಂದ ಕೇಳ್ದೇ ತೆಗ್ದು ಕೊಟ್ರೆ ಅದು ನಿನ್ನ ಗ್ರಾಸ ಆಗ್ತಿಲ್ಲೆ. ಹೋಗಿ ಹೇಳು."

"ತೆರೇಜಾ ಬೈದ್ರೆ?"

"ಬೈಸ್ಕ್ಯ. ಬೈಸ್ಕಂಡ ಮೇಲೆ ಊಟ ಸೇರ್ತು."

ಗುರುವಾರ

ತೆರೇಜಾಳ ಕೋಣೆಯ ಬಾಗಿಲಲ್ಲಿ ಬಾಯಿ ಒಣಗಿತು. ಆದರೂ ಒಳಗೆ ಹೋಗಿ, ನಿಂತೇ ಹೇಳಿ ಮುಗಿಸಿದೆ. ಮನೆಯ ಹಸುವಿನ ಗ್ರಾಸ, ಹಿಟ್ಟಿನ ಡಬ್ಬಿ, ಕೆಳಸಾಲು, ಚೀಟಿ ಎತ್ತದೇ ಬಿಟ್ಟದ್ದು, ಒಂದನ್ನೂ ಬಿಡಲಿಲ್ಲ. ಗಣಕಯಂತ್ರದ ಪರದೆಯ ಮೇಲೆ ಬರಹ ಮುಕ್ಕಾಲು ಸಿದ್ಧವಾಗಿತ್ತು, ನನ್ನ ಹೆಸರು ಮೊದಲಿತ್ತು. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಮ ಮನೆಯ ಆ ಹಸುವಿಗೆ ಹೆಸರಿದೆಯೇ?" ಎಂದು ಕೇಳಿದಳು.

ನಾನು ಸಿದ್ಧಳಾಗಿದ್ದದ್ದು ಬೈಗುಳಕ್ಕೆ. "ಕೌಲೆ" ಎಂದೆ.

"ಕೌಲೆ," ಎಂದು ತನ್ನ ನಾಲಗೆಗೆ ಬಂದಂತೆ ಹೇಳಿಕೊಂಡಳು. "ನನಗೆ ತುಂಬ ಸಿಟ್ಟು ಬಂದಿದೆ. ಅದು ನಾಳೆಯವರೆಗೆ ಇರುತ್ತದೆ. ಇವತ್ತು ನನ್ನ ಹತ್ತಿರ ಮಾತಾಡಬೇಡ. ಆದರೆ ನೀನು ಶನಿವಾರ ಹೇಳಿದ್ದರೆ ಈ ಸಿಟ್ಟು ನಾನು ಸಾಯುವವರೆಗೆ ಇರುತ್ತಿತ್ತು."

ನನ್ನೆದುರಿಗೇ ಬರಹವನ್ನು ಅಳಿಸಿದಳು. ಶುಕ್ರವಾರ ಸಂಜೆ ಎರಡು ಕಿತ್ತಳೆ ಹಣ್ಣು ಹಿಡಿದುಕೊಂಡು ತಾನಾಗಿ ನನ್ನ ಮೇಜಿಗೆ ಬಂದಳು. ನಿಯಮ ಹೇಳಿದ್ದೆವು, ಯಾಕೆಂದು ಹೇಳಿರಲಿಲ್ಲ, ಅಷ್ಟು ತಪ್ಪು ನಮ್ಮದೂ ಎಂದಳು. ನನಗೆ ಕಣ್ಣು ತುಂಬಿತು. ನನ್ನ ಊರಿನಲ್ಲಿ, ನನ್ನ ಭಾಷೆಯಲ್ಲಿ ತಪ್ಪೊಪ್ಪಿಕೊಂಡಾಗಲೂ ಇಷ್ಟು ನ್ಯಾಯ ಸಿಕ್ಕಿರಲಿಲ್ಲ.

ಉಳಿದದ್ದು ನಾಲ್ಕು ವಾರ. ಹೊಸ ಮೀನುಗಳು ಬಂದವು. ನನಗೆ ಕೋಣೆಯ ಬಾಗಿಲು ದಾಟಲು ಅಪ್ಪಣೆಯಿರಲಿಲ್ಲ. ಝುವಾಕಿಂ ತನ್ನ ರಜೆ ಮುಂದೂಡಿ, ಚೀಟಿ ಎತ್ತಿ, ಶೀಸೆಗಳಿಗೆ ತನಗೆ ಮಾತ್ರ ಗೊತ್ತಿರುವ ಗುರುತು ಹಾಕಿ ಪರೀಕ್ಷೆ ನಡೆಸಿದ. ನಾನು ಪಕ್ಕದ ಕೋಣೆಯಲ್ಲಿ ಕೂತು ಕ್ಯಾಮೆರಾ ತೆಗೆದ ಚಿತ್ರ ನೋಡಿ ಬರೆದೆ. ಮಧ್ಯಾಹ್ನ ಊಟಕ್ಕೆ ಮುಂಚೆ ಅವನು ನನ್ನ ಡಬ್ಬಿಯಿಂದ ಒಂದು ತುಂಡು ಬಟಾಟೆ ಕೇಳಿ ತೆಗೆದುಕೊಂಡು ತಾನೇ ತಿನ್ನುತ್ತಿದ್ದ. ಇಲ್ಲಿ ನಿನ್ನ ಹಸು ನಾನೇ, ನನಗೆ ಕೊಟ್ಟು ಉಣ್ಣು ಎಂದು ಗಂಭೀರವಾಗಿ ಹೇಳುತ್ತಿದ್ದ.

ಕೊನೆಯ ದಿನ ಗುರುತು ಬಿಚ್ಚಿ ನೋಡಿದೆವು. ಸತ್ವ ಕುಡಿದ ಮೀನಿಗೂ ಬರಿ ನೀರಿನದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ನಳಿಗೆಯಲ್ಲಿ ಕಿಣ್ವವನ್ನು ತಡೆದದ್ದು ಮೀನಿನ ತಲೆಯವರೆಗೆ ಮುಟ್ಟಿರಲಿಕ್ಕಿಲ್ಲ ಎಂದು ತೆರೇಜಾ ಹೇಳಿದಳು. ಏನೂ ಸಿಗಲಿಲ್ಲ ಎಂಬುದನ್ನು ನಾವಿಬ್ಬರೂ ಸೇರಿ ಅಚ್ಚುಕಟ್ಟಾಗಿ ಬರೆದೆವು, ಅದಕ್ಕೆ ಇಬ್ಬರೂ ಸಹಿ ಹಾಕಿದೆವು. ವಿಮಾನ ನಿಲ್ದಾಣಕ್ಕೆ ಅವರಿಬ್ಬರೂ ಬಂದಿದ್ದರು.

ಇಮಾಮ್ ಸಾಹೇಬರ ಅಂಗಡಿ

ಊರಿಗೆ ಬಂದ ನಾಲ್ಕನೆಯ ದಿನ ಯಲ್ಲಾಪುರದ ಬಸ್ಸು ಹತ್ತಿದೆ. ತೆರೇಜಾಳೆದುರು ಹೇಳುವುದಕ್ಕಿಂತ ಇದು ಕಷ್ಟವಾಗಿ ಕಂಡಿತು. ಅಲ್ಲಿ ಕೆಡುವುದಿದ್ದರೆ ನನ್ನ ಹೆಸರು ಮಾತ್ರ. ಇಲ್ಲಿ ಒಬ್ಬ ಮುದುಕ ಮತ್ತು ಅವನ ಅಪ್ಪ ಎರಡು ತಲೆಮಾರು ನಂಬಿ ಕೊಟ್ಟದ್ದು.

ಸಾಹೇಬರು ಟಾಯರಿಗೆ ತೇಪೆ ಹಾಕುತ್ತಿದ್ದರು. "ಬರ್ರಿ ಅಕ್ಕೋರೆ, ಕೂತ್ಕಳ್ರಿ. ಮೀನು ಏನಂದ್ವು?"

ಮುಚ್ಚಿಡದೆ ಹೇಳಿದೆ. ನಾನು ಮಾಡಿದ ತಪ್ಪನ್ನೂ ಹೇಳಿದೆ, ಸರಿಯಾಗಿ ನೋಡಿದ ಮೇಲೆ ಸಿಕ್ಕಿದ್ದನ್ನೂ ಹೇಳಿದೆ.

"ಒಂದು ಮೀನಿಗೂ ಹತ್ತಲಿಲ್ವಾ?"

"ಒಂದಕ್ಕೂ ಇಲ್ಲ ಸಾಹೇಬ್ರೇ. ಮೀನಿಗೆ ಹತ್ತಲಿಲ್ಲ ಅಂದ್ರೆ ಮನುಷ್ಯರಿಗೂ ಹತ್ತೂದಿಲ್ಲ ಅಂತ ಹೇಳೂಕೆ ಬರೂದಿಲ್ಲ. ಹತ್ತತದೆ ಅಂತನೂ ಹೇಳೂಕೆ ಬರೂದಿಲ್ಲ."

ಅವರು ಟಾಯರ್ ಉಜ್ಜುವ ಅರವನ್ನು ಕೆಳಗಿಟ್ಟರು. ಅಷ್ಟರಲ್ಲಿ ಮುಂಡಗೋಡದ ಕಡೆಯ ಒಂದು ಲಾರಿ ಬಂದು ನಿಂತಿತು. ಇಳಿದ ಚಾಲಕನಿಗೆ ಮೂವತ್ತರ ಆಸುಪಾಸು, ಮುಖವೆಲ್ಲ ಬೆವರು, ಕೈಯಲ್ಲಿ ನಡುಕ.

"ಅಜ್ಜಾರ, ಆ ನಿಮ್ಮ ಕಷಾಯ ಇದ್ರ ಒಂದ್ ಲೋಟ ಕೊಡ್ರಿ. ಲೋಡ್ ಭಾಳ ಐತಿ, ಜೀವ ಪುಕುಪುಕು ಅನ್ನಾಕತ್ತೈತಿ."

ಸಾಹೇಬರು ಏಳಲಿಲ್ಲ. "ಅದ್ರಲ್ಲಿ ಏನೂ ಇಲ್ಲಂತೆ ತಮ್ಮಾ. ಈ ಅಕ್ಕೋರು ದೂರ ದೇಶಕ್ಕೆ ಹೋಗಿ ನೋಡ್ಕೊಂಡು ಬಂದಾರೆ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಚಾಲಕ ನನ್ನ ಮುಖ ನೋಡಿದ, ಅವರ ಮುಖ ನೋಡಿದ. "ಇಲ್ಲಂದ್ರ ಬಿಡ್ರಿ," ಎಂದು ಹಳೆಯ ಟಾಯರೊಂದರ ಮೇಲೆ ಕೂತ.

"ಬ್ರೇಕ್ ನೋಡ್ಸಿದ್ಯಾ?" ಎಂದು ಸಾಹೇಬರು ಕೇಳಿದರು.

"ಹುಬ್ಬಳ್ಳ್ಯಾಗ ನೋಡ್ಸೀನ್ರಿ."

"ಹಗ್ಗ ಬಿಗಿ ಅದ್ಯಾ? ನಿದ್ದೆ ಮಾಡಿದ್ಯಾ? ಎಷ್ಟೊತ್ತು?"

ಹೀಗೇ ನಡೆಯಿತು. ಯಾವ ತಿರುವಿನಲ್ಲಿ ಯಾವ ಗೇರು, ಎಲ್ಲಿ ಎದುರಿನ ಗಾಡಿಗೆ ದಾರಿ ಬಿಡಬೇಕು, ಎಲ್ಲಿ ನಿಂತು ಚಕ್ರ ಮುಟ್ಟಿ ನೋಡಬೇಕು ಎಂದು ಸಾಹೇಬರು ಬೆರಳಿನಿಂದ ನೆಲದ ಧೂಳಿನ ಮೇಲೆ ಘಾಟಿಯನ್ನೇ ಬರೆದರು. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು. ಹೆಂಡತಿಯ ಸುದ್ದಿ ಹೇಳುವಾಗ ಆತ ಒಮ್ಮೆ ನಕ್ಕ. ಕಾಲು ಗಂಟೆಯ ಮೇಲೆ ಎದ್ದು, ಮುಖ ತೊಳೆದುಕೊಂಡು, "ಬರ್ತೀನ್ರಿ ಅಜ್ಜಾರ" ಎಂದು ಲಾರಿ ಹತ್ತಿದ. ಸಾಹೇಬರು ತಲೆ ವಾರೆ ಮಾಡಿ, ಮೊದಲ ತಿರುವಿನಾಚೆ ಲಾರಿಯ ಸದ್ದು ಅಡಗುವವರೆಗೆ ಕೇಳಿಸಿಕೊಂಡರು.

"ಗೇರು ಸರಿಯಾಗಿ ಹಾಕ್ದ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಮಂಜಾದ ಕಣ್ಣುಗಳಲ್ಲಿ ಆಶ್ಚರ್ಯವಿತ್ತು.

"ಕಷಾಯ ಕುಡೀಲಿಲ್ಲ ಅವ."

"ಇಲ್ಲ, ಕುಡೀಲಿಲ್ಲ."

"ಕೈ ನಡುಕನೂ ನಿಂತಿತ್ತು. ನೀವೂ ನೋಡಿದ್ರಿ."

"ನೋಡಿದೆ ಸಾಹೇಬ್ರೇ."

ಅವರು ಅರ ಎತ್ತಿಕೊಂಡು ಮತ್ತೆ ತೇಪೆ ಉಜ್ಜತೊಡಗಿದರು.

"ಹಂಗಾದ್ರೆ ಅದನ್ನೂ ಬರ್ಕಳ್ರಿ," ಎಂದರು.